ಫೇಸ್‌ಬುಕ್‌, ಇನ್‌ಸ್ಟಾಗ್ರಾಂ ಎರಡರಲ್ಲೂ ಬರೆಯುತ್ತೇನೆ, ಆದರೂ ಲೇಖಕನಾಗಿ ಯಾರಿಗೂ ಗುರುತು ಸಿಗುತ್ತಿಲ್ಲ. ಏನು ಮಾಡಲಿ?

ಮೊದಲು ಹೆಸರು ಸರಿಮಾಡಿಕೊಳ್ಳಿ. ಪುಸ್ತಕದ ಮುಖಪುಟದಲ್ಲಿ ‘ಹೆಗಡೆ’, ಫೇಸ್‌ಬುಕ್ಕಿನಲ್ಲಿ ‘ಹೆಗ್ಡೆ’, ಇನ್‌ಸ್ಟಾಗ್ರಾಂನಲ್ಲಿ ‘ಮಲೆನಾಡ ಹುಡುಗ’ ಎಂದಿದ್ದರೆ ಹುಡುಕುವವರ ಪಾಲಿಗೆ ನೀವು ಮೂರು ಜನ. ಮುಖಪುಟದ ಹೆಸರೇ ಎಲ್ಲೆಡೆ ಇರಲಿ, ಇಂಗ್ಲಿಷ್ ಸ್ಪೆಲಿಂಗ್ ಕೂಡ ಒಂದೇ. ಇನ್‌ಸ್ಟಾಗ್ರಾಂ ಬಯೋಗೆ 150 ಅಕ್ಷರಗಳಷ್ಟೇ ಜಾಗ. ಏನು ಬರೆಯುತ್ತೀರಿ, ಪುಸ್ತಕ ಎಲ್ಲಿ ಸಿಗುತ್ತದೆ, ಅಷ್ಟು ಸಾಕು. ‘ಕನಸುಗಾರ, ಚಹಾಪ್ರಿಯ’ ಬೇಡ, ಅಂಥವರು ಊರ ತುಂಬ ಇದ್ದಾರೆ.

ಕನ್ನಡದವರು ಎಡವುವುದು ಇನ್ನೊಂದು ಕಡೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ; ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ ಅಕ್ಷರಕ್ಕೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿಯೇ ಹಾಕಿ. ಕವಿತೆಯನ್ನು ಬರೀ ಚಿತ್ರವಾಗಿ ಹಾಕಿದರೆ ಹುಡುಕಾಟದಲ್ಲಿ ಸಿಗುವುದು ಕಷ್ಟ, ಸಾಲುಗಳನ್ನು ಕೆಳಗೆ ಅಕ್ಷರದಲ್ಲೂ ಕೊಡಿ.

ವಿಷಯ ಎರಡೋ ಮೂರೋ ಇರಲಿ: ನಿಮ್ಮ ಕಥೆಗಳ ಊರು, ಓದಿದ ಪುಸ್ತಕ, ಬರವಣಿಗೆಯ ಕೆಲಸ. ವಾರಕ್ಕೊಂದು ಬರಹ ಸಾಕು, ಆದರೆ ನಾಲ್ಕು ಬರೆದಿಟ್ಟುಕೊಂಡೇ ಶುರುಮಾಡಿ. ದಿನಾ ಹಾಕುತ್ತೇನೆಂದು ಹೊರಟವರು ಬರೆಯಲು ಏನೂ ಉಳಿಯದೆ ಫಾರ್ವರ್ಡ್ ಸುವಿಚಾರಕ್ಕೆ ಇಳಿಯುತ್ತಾರೆ, ಓದುಗ ಅಲ್ಲೇ ಜಾರಿಕೊಳ್ಳುತ್ತಾನೆ. ಉದ್ದನೆಯ ಬರಹಗಳ ಪ್ರತಿ ನಿಮ್ಮದೇ ಬ್ಲಾಗಿನಲ್ಲಿರಲಿ. ಫೇಸ್‌ಬುಕ್‌ ಖಾತೆ ಹ್ಯಾಕ್ ಆದರೂ ಬರಹ ಉಳಿದಿರುತ್ತದೆ.