ಅಡುಗೆ ಭಟ್ಟರೂ ಅಮೆರಿಕದ ಅಧ್ಯಕ್ಷರೂ

ಬರಾಕ್ ಒಬಾಮ ಅವರ 2008ರ ಗೆಲುವಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಬಸವನಗುಡಿಯ ಹಿರಿಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಮಗಳ ಮದುವೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡುವ ಮೊದಲು, ಎಷ್ಟು ಮದುವೆ ಮಾಡಿದ್ದೀರಿ, ಯಾವ ಛತ್ರದಲ್ಲಿ ಎಂದೆಲ್ಲ ವಿಚಾರಿಸಿದ್ದೆ. ಒಂದು ಹೊತ್ತಿನ ಊಟಕ್ಕೆ ಅಷ್ಟು ಜಾಗ್ರತೆ. ಅಮೆರಿಕದವರು ಅಣ್ವಸ್ತ್ರಗಳ ಹೊಣೆಯನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ನಾಲ್ಕು ವರ್ಷವೂ ಪೂರ್ತಿ ಕೂರದವರ ಕೈಗೆ ಕೊಟ್ಟರಲ್ಲ! ನ್ಯೂಜೆರ್ಸಿಯಲ್ಲಿರುವ ನನ್ನ ಮಗ, ಸ್ಕೂಟರ್ ಕೊಳ್ಳುವುದಕ್ಕೆ ಆರು ತಿಂಗಳು ಲೆಕ್ಕ ಹಾಕಿದವನು, ಆ ವರ್ಷ ಗುರುತು ಪರಿಚಯವಿಲ್ಲದವರಿಗೆಲ್ಲ ಫೋನ್ ಮಾಡಿ ಒಬಾಮ ಅವರಿಗೆ ಮತ ಕೇಳಿದ. ಒಳ್ಳೆಯ ಮಾತಿನ ಮುಂದೆ ಓದಿದವರ ಬುದ್ಧಿಗೂ ಮಂಕು ಕವಿಯುತ್ತದೆಯೆ?"

ಮಾನ್ಯರೇ,

ನಿಮ್ಮ ಭಟ್ಟರ ಹೋಲಿಕೆ ಎರಡು ದಿನ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಚೆನ್ನಾಗಿದೆ, ಆದರೆ ಒಂದು ಕಡೆ ಕೊಂಡಿ ಕಳಚುತ್ತದೆ. ಭಟ್ಟರು ಬರುವ ಹೊತ್ತಿಗೆ ಏನು ಅಡುಗೆ ಎಂಬುದು ಮನೆಯಲ್ಲಿ ತೀರ್ಮಾನವಾಗಿರುತ್ತದೆ. ಹೋಳಿಗೆಯೋ ಚಿರೋಟಿಯೋ, ಕೋಸಂಬರಿ ಒಂದೋ ಎರಡೋ, ಎಲ್ಲವನ್ನೂ ಮನೆಯವರು ಚರ್ಚಿಸಿ ಮುಗಿಸಿರುತ್ತಾರೆ. ಅದನ್ನು ಕೆಡಿಸದೆ, ಹೊತ್ತಿಗೆ ಸರಿಯಾಗಿ ಎಲೆಗೆ ಬಡಿಸುವ ಕೈ ಬೇಕು. ಅದಕ್ಕೆ ಅನುಭವವನ್ನೇ ಕೇಳಬೇಕು. ಅಧ್ಯಕ್ಷರ ಚುನಾವಣೆಯಲ್ಲಿ ಏನು ಅಡುಗೆ ಎಂಬುದೇ ಪ್ರಶ್ನೆ. ಜೊತೆಗೆ, ಹಿಂದಿನ ಪಂಕ್ತಿಯಲ್ಲಿ ಉಂಡವರ ಹೊಟ್ಟೆ ಹೇಗಿದೆ ಎಂಬುದನ್ನು ನಿಮ್ಮ ಪತ್ರ ಕೇಳಲೇ ಇಲ್ಲ.

2003ರ ಮಾರ್ಚ್‌ನಲ್ಲಿ ಇರಾಕ್ ಮೇಲೆ ಯುದ್ಧ ಹೂಡಿದವರು ಯಾರು ನೆನಪು ಮಾಡಿಕೊಳ್ಳಿ. ಉಪಾಧ್ಯಕ್ಷ ಡಿಕ್ ಚೇನಿ ಹತ್ತು ವರ್ಷ ಸಂಸದರಾಗಿದ್ದವರು, ಅದಕ್ಕೂ ಮೊದಲು ಶ್ವೇತಭವನದ ಆಡಳಿತ ನೋಡಿಕೊಂಡವರು, ಒಮ್ಮೆ ರಕ್ಷಣಾ ಸಚಿವರು. ಡೊನಾಲ್ಡ್ ರಮ್ಸ್‌ಫೆಲ್ಡ್ ಎರಡನೆಯ ಸಲ ರಕ್ಷಣಾ ಸಚಿವರಾಗಿದ್ದವರು. ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾಗಿದ್ದ ಜನರಲ್. ಇದಕ್ಕಿಂತ ಪಳಗಿದ ತಂಡ ಸಿಗುವುದು ಕಷ್ಟ. ಯಾವ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಹೇಳಿ ಯುದ್ಧಕ್ಕೆ ಹೋದರೋ ಆ ಅಸ್ತ್ರಗಳು ಸಿಗಲೇ ಇಲ್ಲ. ಸೆನೆಟ್‌ನಲ್ಲಿ ಯುದ್ಧಕ್ಕೆ ಒಪ್ಪಿಗೆ ಕೊಟ್ಟ 77 ಮಂದಿಯಲ್ಲಿ ಹಿಲರಿ ಕ್ಲಿಂಟನ್ ಇದ್ದರು, ಜಾನ್ ಮೆಕೇನ್ ಇದ್ದರು. 2008ರಲ್ಲಿ ಒಬಾಮ ಅವರಿಗೆ ಎದುರಾಗಿ "ನನಗೆ ಅನುಭವವಿದೆ" ಎಂದ ಮುಖ್ಯ ಎದುರಾಳಿಗಳು ಇವರೇ: ಪಕ್ಷದೊಳಗೆ ಕ್ಲಿಂಟನ್, ಅಂತಿಮ ಸ್ಪರ್ಧೆಯಲ್ಲಿ ಮೆಕೇನ್.

ಒಬಾಮ ಅವರು ಆಗ ಎಲ್ಲಿದ್ದರು? 2002ರ ಅಕ್ಟೋಬರ್ 2ರಂದು ಷಿಕಾಗೋದ ಒಂದು ಚೌಕದಲ್ಲಿ ನಿಂತು, ನಾನು ಎಲ್ಲ ಯುದ್ಧಗಳ ವಿರೋಧಿಯಲ್ಲ, ಬುದ್ಧಿಗೇಡಿ ಯುದ್ಧಗಳ ವಿರೋಧಿ ಎನ್ನುತ್ತಿದ್ದರು. ಆಗ ಅವರು ಇಲಿನಾಯ್ ರಾಜ್ಯದ ಶಾಸಕರು, ರಾಜ್ಯದಾಚೆ ಹೆಸರು ಗೊತ್ತಿಲ್ಲದವರು. ದೇಶವೆಲ್ಲ ಇನ್ನೂ ಸೆಪ್ಟೆಂಬರ್ 11ರ ದುಃಖದಲ್ಲಿ, ಕೋಪದಲ್ಲಿ ಇದ್ದ ಕಾಲ. ರಾಷ್ಟ್ರ ರಾಜಕೀಯಕ್ಕೆ ಹೋಗಬೇಕೆಂದಿದ್ದವರಿಗೆ ಆ ಮಾತು ಮುಳುವಾಗಬಹುದಿತ್ತು. ಐದಾರು ವರ್ಷಗಳ ಬಳಿಕ ಮತದಾರರು ಎರಡನ್ನೂ ತಕ್ಕಡಿಗೆ ಹಾಕಿದರು. ಒಂದು ತಟ್ಟೆಯಲ್ಲಿ ದಶಕಗಳ ಅನುಭವ, ಇನ್ನೊಂದರಲ್ಲಿ ಸರಿಯಾದ ಹೊತ್ತಿನಲ್ಲಿ ಮಾಡಿದ ಒಂದು ಸರಿಯಾದ ಎಣಿಕೆ. ಎರಡನೆಯದು ತೂಗಿತು. ಇದನ್ನು ಮಂಕು ಎನ್ನಲು ನನಗೆ ಮನಸ್ಸಿಲ್ಲ.

2007ರ ಫೆಬ್ರವರಿ 10ರಂದು ಸ್ಪ್ರಿಂಗ್‌ಫೀಲ್ಡ್‌ನ ಕೊರೆಯುವ ಚಳಿಯಲ್ಲಿ ಸ್ಪರ್ಧೆಯನ್ನು ಘೋಷಿಸುವಾಗ ಅವರು ತಮ್ಮ ಕೊರತೆಯನ್ನು ಮುಚ್ಚಿಡಲಿಲ್ಲ. ವಾಷಿಂಗ್ಟನ್ನಿನ ರೀತಿನೀತಿ ಕಲಿಯುತ್ತ ನಾನು ಬಹಳ ಕಾಲ ಕಳೆದಿಲ್ಲ, ಆದರೆ ಆ ರೀತಿನೀತಿ ಬದಲಾಗಬೇಕು ಎಂದು ತಿಳಿಯುವಷ್ಟು ಕಾಲ ಅಲ್ಲಿದ್ದೇನೆ ಎಂಬರ್ಥದ ಮಾತು ಆಡಿದರು. ಇಡೀ ಚುನಾವಣೆ ಈ ಒಂದು ಮಾತಿನ ಮೇಲೆ ತಿರುಗಿತು ಎಂದೇ ನನ್ನ ನಂಬಿಕೆ. ಬೇಸತ್ತ ಜನರಿಗೆ ಅನುಭವ ಎಂದರೆ ಕೆಲಸ ಬಲ್ಲವರು ಎಂದು ಕೇಳಿಸುವುದಿಲ್ಲ, ಕೆಡಿಸಿದವರ ಜೊತೆಗಿದ್ದವರು ಎಂದು ಕೇಳಿಸುತ್ತದೆ. ನೀವು ಬ್ಯಾಂಕಿನಲ್ಲಿದ್ದವರು, 2008ರ ಸೆಪ್ಟೆಂಬರ್ 15ರಂದು, 158 ವರ್ಷ ಹಳೆಯ ಅಮೆರಿಕದ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನ, ಅನುಭವ ಎಂಬ ಪದಕ್ಕೆ ಎಷ್ಟು ಬೆಲೆ ಉಳಿದಿತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗೆಂದು ಮಾತಿನ ಸೆಳೆತ ಏನೂ ಇರಲಿಲ್ಲ ಎಂದು ನಾನು ಹೇಳಲಾರೆ. ನನಗೇ ಅದು ತಟ್ಟಿದೆ. ಆ ನವೆಂಬರ್ 5ರ ಬೆಳಿಗ್ಗೆ, ಹತ್ತೂವರೆಯ ಸುಮಾರಿಗೆ, ಡಿ.ವಿ.ಜಿ. ರಸ್ತೆಯ ಹತ್ತಿರದ ದರ್ಶಿನಿಯೊಂದರಲ್ಲಿ ಕಾಫಿಗೆ ನಿಂತಿದ್ದೆ. ಗೋಡೆಯ ಟಿವಿಯಲ್ಲಿ ಷಿಕಾಗೋದ ಗ್ರ್ಯಾಂಟ್ ಪಾರ್ಕ್. ಅಲ್ಲಿ ನಡುರಾತ್ರಿ ಹತ್ತಿರವಾಗಿತ್ತು. ಒಬಾಮ ಅವರು ಅಟ್ಲಾಂಟಾದಲ್ಲಿ ಮತ ಹಾಕಿದ 106 ವರ್ಷದ ಅಜ್ಜಿಯೊಬ್ಬರ ಕಥೆ ಹೇಳುತ್ತಿದ್ದರು: ಹೆಣ್ಣು ಎಂಬ ಕಾರಣಕ್ಕೆ, ಚರ್ಮದ ಬಣ್ಣದ ಕಾರಣಕ್ಕೆ ಮತದ ಹಕ್ಕಿಲ್ಲದ ಕಾಲದಲ್ಲಿ ಹುಟ್ಟಿದವರು. ಲೋಟ ತೊಳೆಯುವ ಹುಡುಗ ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ನಿಂತ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. "ಯಾರು ಸಾರ್ ಇವರು, ಏನು ಹೇಳುತ್ತಿದ್ದಾರೆ?" ಎಂದು ಕೇಳಿದ. ಹೇಳಿದೆ. ಆಮೇಲೂ ಅವನು ಕದಲಲಿಲ್ಲ. ಗಲ್ಲಾದಲ್ಲಿದ್ದವರೂ ಅವನನ್ನು ಕರೆಯಲಿಲ್ಲ. ಆ ಎರಡು ನಿಮಿಷ ಮೋಸದ್ದು ಎಂದು ನೀವು ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ವರ್ಚಸ್ಸು ಎಂಬ ಮಾತಿದೆ. ವರ್ಚಸ್ಸು ಎಂದರೆ ಕಾಂತಿ. ಕಾಂತಿ ಕಾಣಲು ಎದುರಿಗೆ ಕಣ್ಣು ಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಕೂಡ, ನಾಯಕನ ವರ್ಚಸ್ಸು ನಿಲ್ಲುವುದು ಅನುಯಾಯಿಗಳು ಅದನ್ನು ಒಪ್ಪಿಕೊಳ್ಳುವುದರಿಂದ ಎಂದು ಹೇಳಿದ್ದರು. ಆದ್ದರಿಂದ ನಾನು ನಾಯಕನಿಗಿಂತ ಮೊದಲು ನೋಡುವವರ ಕಣ್ಣನ್ನು ವಿಚಾರಿಸುತ್ತೇನೆ: ಇವರಿಗೆ ಯಾವುದರ ಹಸಿವಿತ್ತು?

ಇದನ್ನು ನನಗೆ ಕಲಿಸಿದವರು ಹಿಂದೂಪುರದ ನನ್ನ ಸೋದರತ್ತೆ. 1982ರ ಕೊನೆಯಲ್ಲಿ ನಾನು ಕಾಲೇಜು ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಎನ್.ಟಿ. ರಾಮರಾವ್ ಹಳೆಯ ಷೆವರ್ಲೆ ವ್ಯಾನನ್ನೇ ರಥ ಮಾಡಿಕೊಂಡು ಆಂಧ್ರವನ್ನು ಸುತ್ತುತ್ತಿದ್ದರು. ಸಂಜೆ ನಾಲ್ಕಕ್ಕೆ ಬರುತ್ತದೆ ಎಂದ ವ್ಯಾನು ರಾತ್ರಿ ಹತ್ತು ದಾಟಿದ ಮೇಲೆ ಬಂತು. ಅತ್ತೆ ಅಲ್ಲಿಯವರೆಗೆ ರಸ್ತೆಬದಿಯ ಕಲ್ಲಿನ ಮೇಲಿಂದ ಏಳಲಿಲ್ಲ. ಪರದೆಯ ಮೇಲೆ ಕಿರೀಟ ತೊಟ್ಟು ಕೃಷ್ಣನಾಗಿ ಕಂಡವರು ಅಂದು ಖಾಕಿ ಬಟ್ಟೆಯಲ್ಲಿದ್ದರು, ಮೈಯೆಲ್ಲ ಧೂಳು, ಗಂಟಲು ಒಡೆದಿತ್ತು. ಒಂದು ದಿನವೂ ಅಧಿಕಾರ ನಡೆಸದ ಸಿನಿಮಾ ನಟನಿಗೆ ರಾಜ್ಯ ಕೊಡುತ್ತೀರಾ ಎಂದು ನಾನು ನಿಮ್ಮ ಹಾಗೆಯೇ ವಾದ ಮಾಡಿದೆ. ಅತ್ತೆ ಹೇಳಿದ್ದು: "ಐದು ವರ್ಷದಲ್ಲಿ ನಾಲ್ಕು ಮುಖ್ಯಮಂತ್ರಿಗಳನ್ನು ದೆಹಲಿಯವರು ಬದಲಾಯಿಸಿದರು. ಅವರೆಲ್ಲ ಅನುಭವಸ್ಥರೇ. ದೆಹಲಿ ಬಾಗಿಲಲ್ಲಿ ಕೈಕಟ್ಟಿ ನಿಂತವರಿಗೆ ನಾವು ಎಲ್ಲಿ ಕಾಣುತ್ತೇವೆ? ಈತ ನಮ್ಮ ಬಾಗಿಲಿಗೆ ಬಂದ." ಹುಟ್ಟಿ ಒಂಬತ್ತು ತಿಂಗಳಾಗಿದ್ದ ಅವರ ತೆಲುಗು ದೇಶಂ ಪಕ್ಷ 1983ರ ಜನವರಿಯಲ್ಲಿ ಗೆದ್ದಿತು. ಅತ್ತೆ ನೋಡಿದ್ದು ಕಿರೀಟವನ್ನಲ್ಲ, ತಮಗಾದ ಅವಮಾನವನ್ನು ತನ್ನದೆಂದುಕೊಂಡ ಒಬ್ಬ ಮನುಷ್ಯನನ್ನು.

ಅದರ ಬೆಲೆಯೂ ಇತ್ತು, ಅದನ್ನೂ ಹೇಳಬೇಕು. ಮರುವರ್ಷವೇ, ಹೃದಯದ ಶಸ್ತ್ರಚಿಕಿತ್ಸೆಗೆ ಅವರು ಅಮೆರಿಕಕ್ಕೆ ಹೋಗಿ ಬರುವಷ್ಟರಲ್ಲಿ ಸ್ವಂತ ಹಣಕಾಸು ಸಚಿವರೇ ಕುರ್ಚಿ ಹಿಡಿದರು. ಪಳಗಿದ ರಾಜಕಾರಣಿಗೆ ಆ ಗಾಳಿಯ ವಾಸನೆ ಮೊದಲೇ ಸಿಕ್ಕಿರುತ್ತಿತ್ತು. ಒಂದು ತಿಂಗಳಲ್ಲಿ ಅವರು ಮರಳಿ ಅಧಿಕಾರಕ್ಕೆ ಬರುವಲ್ಲಿ ನಮ್ಮ ರಾಮಕೃಷ್ಣ ಹೆಗಡೆಯವರ ಪಾಲಿತ್ತು. ರಾಮರಾವ್ ಅವರ ಶಾಸಕರನ್ನು ಎದುರು ಬಣ ಸೆಳೆಯದಂತೆ ಕಾಪಾಡಿದ್ದು ನಮ್ಮ ನಂದಿಬೆಟ್ಟ.

ಒಬಾಮ ಅವರೂ ಬೆಲೆ ತೆತ್ತರು. ಅಧಿಕಾರ ವಹಿಸಿಕೊಂಡ ಎರಡೇ ದಿನಕ್ಕೆ, ಭಯೋತ್ಪಾದನೆಯ ಶಂಕಿತರನ್ನು ಇಟ್ಟಿದ್ದ ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚಬೇಕೆಂದು ಆದೇಶಿಸಿದರು. ಎಂಟು ವರ್ಷ ಕಳೆದು ಅವರು ಹೊರಡುವಾಗಲೂ ಅದು ತೆರೆದೇ ಇತ್ತು. ಸಂಸತ್ತನ್ನು ಮೊದಲು ಒಲಿಸಿಕೊಂಡು ಆಮೇಲೆ ದಿನಾಂಕ ಹೇಳಬೇಕು ಎಂಬುದು ಹಳಬರಿಗೆ ಗೊತ್ತಿರುವ ಸಂಗತಿ. 36 ವರ್ಷ ಸೆನೆಟ್‌ನಲ್ಲಿ ಕಳೆದ ಜೋ ಬೈಡನ್ ಅವರನ್ನು ಪಕ್ಕಕ್ಕೆ ಇಟ್ಟುಕೊಂಡಿದ್ದರು, ನಿಜ. ಅಂದರೆ ಕೊರತೆ ಅವರಿಗೇ ತಿಳಿದಿತ್ತು. ಒಳಗಿನ ಬಿರುಕನ್ನು ತಿಳಿದವರು ಅದನ್ನು ತುಂಬಲು ನೋಡುತ್ತಾರೆ. ನನಗೆ ಎಲ್ಲ ಗೊತ್ತು ಎನ್ನುವ ಹೊಸಬರ ಬಗ್ಗೆ ನನಗೆ ನಿಜಕ್ಕೂ ಭಯವಿದೆ.

ಏಕೆಂದರೆ ಅದೇ ಹಸಿವು ಯಾರನ್ನು ಬೇಕಾದರೂ ಕರೆತರಬಲ್ಲದು. 2016ರಲ್ಲಿ ಯಾವ ಸರ್ಕಾರಿ ಹುದ್ದೆಯಲ್ಲೂ ಸೇನೆಯಲ್ಲೂ ಇರದಿದ್ದ ಡೊನಾಲ್ಡ್ ಟ್ರಂಪ್ ಗೆದ್ದರು; ಅಮೆರಿಕದ ಇತಿಹಾಸದಲ್ಲಿ ಅಂಥವರು ಅವರೇ ಮೊದಲಿಗರು. 2019ರಲ್ಲಿ ಉಕ್ರೇನಿನ ಜನ ಹಾಸ್ಯನಟ ವೊಲೊಡಿಮಿರ್ ಜೆಲೆನ್‌ಸ್ಕಿ ಅವರಿಗೆ ಶೇಕಡಾ 73 ಮತ ಕೊಟ್ಟರು. ಇಬ್ಬರೂ ಒಂದೇ ಬಾಗಿಲಿನಿಂದ ಬಂದವರು, ಒಳಗೆ ಹೋಗಿ ಮಾಡಿದ್ದು ಬೇರೆ ಬೇರೆ. ಬಾಗಿಲನ್ನು ನೋಡಿ ಮನುಷ್ಯನನ್ನು ಅಳೆಯಲಾಗದು. ಮುಖವನ್ನು ನೋಡಿಯಂತೂ ಅಲ್ಲ. 2005ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಇವತ್ತಿಗೂ ಕಾಡುತ್ತದೆ: ಸೆನೆಟ್ ಅಭ್ಯರ್ಥಿಗಳ ಭಾವಚಿತ್ರಗಳನ್ನಷ್ಟೇ ತೋರಿಸಿ ಇವರಲ್ಲಿ ಸಮರ್ಥರು ಯಾರು ಎಂದು ಕೇಳಿದಾಗ, ಜನ ಬೆರಳು ತೋರಿಸಿದವರೇ ನೂರಕ್ಕೆ ಸುಮಾರು 70 ಸ್ಪರ್ಧೆಗಳಲ್ಲಿ ಗೆದ್ದಿದ್ದರು. ನೀವು ಹೇಳುವ ಮಂಕು ಇದು. ಇದರಿಂದ ನಾನೂ ಹೊರತಲ್ಲ, ನೀವೂ ಅಲ್ಲ.

ಆದರೆ ಅದಕ್ಕೆ ಮದ್ದು ಅನುಭವದ ವರ್ಷಗಳನ್ನು ಎಣಿಸುವುದಲ್ಲ. ಜೇಮ್ಸ್ ಬುಕ್ಯಾನನ್ ಅವರಿಗಿಂತ ತೂಕದ ಅರ್ಜಿ ಯಾರದಿತ್ತು? ಕೆಳಮನೆ, ಸೆನೆಟ್, ರಷ್ಯಾ ಮತ್ತು ಬ್ರಿಟನ್‌ಗಳಲ್ಲಿ ರಾಯಭಾರ, ವಿದೇಶಾಂಗ ಖಾತೆ, ಎಲ್ಲವನ್ನೂ ಕಂಡವರು 1857ರಲ್ಲಿ ಅಧ್ಯಕ್ಷರಾದರು. ಅವರು ಇಳಿಯುವ ಮೊದಲೇ ಏಳು ರಾಜ್ಯಗಳು ಒಕ್ಕೂಟ ತೊರೆದಿದ್ದವು. ಅವರ ಜಾಗಕ್ಕೆ ಬಂದವರು ಸಂಸತ್ತಿನಲ್ಲಿ ಕೇವಲ ಎರಡು ವರ್ಷ ಕೂತಿದ್ದ, ಸೆನೆಟ್‌ಗೆ ಎರಡು ಸಲ ಪ್ರಯತ್ನಿಸಿ ಸೋತಿದ್ದ ವಕೀಲ ಅಬ್ರಹಾಂ ಲಿಂಕನ್. ಅವರೂ ಇಲಿನಾಯ್‌ನವರೇ, ಒಬಾಮ ಅವರಂತೆ ಎಂಟು ವರ್ಷ ಆ ರಾಜ್ಯದ ಶಾಸನಸಭೆಯಲ್ಲಿದ್ದವರು.

ಪತ್ರದ ಕೊನೆಯಲ್ಲಿ ನೀವು ನೇರವಾಗಿ ಕೇಳಿದ್ದೀರಿ: ಆ ವರ್ಷ ಮತವಿದ್ದಿದ್ದರೆ ಯಾರಿಗೆ ಹಾಕುತ್ತಿದ್ದಿರಿ? ಒಬಾಮ ಅವರಿಗೆ. ಅವರನ್ನು ಮನೆಮಾತಾಗಿಸಿದ 2004ರ ಪಕ್ಷದ ಸಮಾವೇಶದ ಬಾಸ್ಟನ್ ಭಾಷಣಕ್ಕಾಗಿ ಅಲ್ಲ. ಅದು ಕೇಳಲು ಸೊಗಸು, ಅಷ್ಟೆ. 2002ರಲ್ಲಿ ಷಿಕಾಗೋದ ಆ ಚೌಕದಲ್ಲಿ, ದೇಶದ ಸಿಟ್ಟಿಗೆ ಎದುರಾಗಿ ಆಡಿದ ಮಾತಿಗಾಗಿ.

ಹಿಂದೂಪುರದ ಅತ್ತೆ 1989ರಲ್ಲಿ ರಾಮರಾವ್ ಅವರ ಪಕ್ಷಕ್ಕೆ ಮತ ಹಾಕಲಿಲ್ಲ. ಏಕೆ ಎಂದು ಕೇಳಿದಾಗ, "ಈಗ ಅವರಿಗೂ ನಾವು ಕಾಣುತ್ತಿಲ್ಲ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು.

ನಿಮ್ಮ ಮಗನನ್ನು ನನ್ನ ಪರವಾಗಿ ಒಂದು ಮಾತು ಕೇಳಿ: ಅವರು ಮೊದಲ ಫೋನ್ ಮಾಡಿದ್ದು ಯಾವ ಮಾತು ಕೇಳಿದ ಮೇಲೆ? ಉತ್ತರ ಏನೇ ಇರಲಿ, ಬರೆದು ಕಳಿಸಿ. ನಿಮ್ಮ ಪತ್ರದ ಉಳಿದ ಮೂರು ಪುಟಗಳ ಜೊತೆಗೆ ಅದನ್ನೂ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಮಾಡುತ್ತೇವೆ.

ಸಂಪಾದಕ
ಬೆಂಗಳೂರು