ಬ್ಯಾನ್‌ಶೀ ನಿಮಗಾಗಿ ಅಳುವುದಿಲ್ಲ

ಐರ್ಲೆಂಡಿನ ಎನ್ನಿಸ್ ಪಟ್ಟಣದ ಹೊರಗೆ, ಹೊಲದಂಚಿನ ಮನೆಗೆ ಬಾಡಿಗೆಗೆ ಬಂದಿದ್ದೀರಿ. ಜನವರಿಯ ನಡುರಾತ್ರಿ ಹೆಂಗಸು ಚೀರಿದಂತೆ ಕೇಳಿಸುತ್ತದೆ, ಪಕ್ಕದ ಮನೆಯ ಅಜ್ಜಿ ‘ಬ್ಯಾನ್‌ಶೀ’ (ಸಾವನ್ನು ಮೊದಲೇ ಅರಿತು ಅಳುವ, ಐರಿಶ್ ಕಥೆಗಳ ಮಾಯೆಯ ಹೆಂಗಸು) ಎಂದರು, ನಿಮ್ಮ ಮನೆಯವರು ಹೆದರಿದ್ದಾರೆ, ಮನೆ ಬದಲಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಈಗ ಐರ್ಲೆಂಡಿನಲ್ಲಿ ಬ್ಯಾನ್‌ಶೀಯಾದರೂ ಸಿಕ್ಕಾಳು, ಬಾಡಿಗೆ ಮನೆ ಸಿಗುವುದಿಲ್ಲ.

ಚೀರುತ್ತಿರುವುದು ಬಹುತೇಕ ಹೆಣ್ಣು ನರಿ. ಅವುಗಳಿಗೆ ಇದು ಬೆದೆಯ ಕಾಲ. ಪಾಳು ಕೊಟ್ಟಿಗೆಗಳಲ್ಲಿ ಇರುವ ಬಿಳಿ ಗೂಬೆಯೂ ಹೀಗೆಯೇ ಕಿರುಚುತ್ತದೆ. ಗೂಬೆಗೆ ಕೆಟ್ಟ ಹೆಸರು ನಮ್ಮ ಕಡೆ ಮಾತ್ರ ಎಂದುಕೊಳ್ಳಬೇಡಿ.

ಅಜ್ಜಿಯ ಲೆಕ್ಕದಲ್ಲೇ ನೋಡಿದರೂ ನೀವು ಹೆದರಬೇಕಾಗಿಲ್ಲ. ಬ್ಯಾನ್‌ಶೀ ಯಾರ ಪ್ರಾಣವನ್ನೂ ತೆಗೆಯುವವಳಲ್ಲ, ಬರಲಿರುವ ಸಾವಿಗೆ ಮುಂಚಿತವಾಗಿ ಅಳುವವಳು. ಅದೂ ಎಲ್ಲರಿಗಾಗಿ ಅಲ್ಲ, ಹೆಸರಿನ ಮುಂದೆ ‘ಓ’ ಅಥವಾ ‘ಮ್ಯಾಕ್’ ಇರುವಂಥ ಹಳೆಯ ಗೇಲಿಕ್ ಮನೆತನಗಳಿಗಾಗಿ. ನೀವಿರುವ ಕ್ಲೇರ್ ಜಿಲ್ಲೆ ಓಬ್ರಿಯನ್ ಮನೆತನದ ಸೀಮೆ. ಅವರಿಗಾಗಿ ಅಳುವವಳ ಹೆಸರು ಈವಲ್, ವಾಸ ಕಿಲಲೂ ಬಳಿಯ ಕ್ರ್ಯಾಗ್‌ಲೀ ಬಂಡೆ. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದ ಹಿಂದಿನ ರಾತ್ರಿ ಆ ಮನೆತನದ ಮೂಲಪುರುಷ, ಮುದಿ ದೊರೆ ಬ್ರಿಯನ್ ಬೊರುವಿನ ಬಳಿಗೆ ಬಂದು, ನಾಳೆ ನಿನಗೆ ಸಾವು ಎಂದು ಹೇಳಿ ಹೋದಳಂತೆ. ಅವನು ಸತ್ತದ್ದಂತೂ ಇತಿಹಾಸ. ಅಂಥವಳು ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗಾಗಿ ಗಂಟಲು ನೋಯಿಸಿಕೊಳ್ಳುವುದಿಲ್ಲ.

ಹಾಗೆಂದು ಅಜ್ಜಿಯ ಎದುರು ನಗಬೇಡಿ, ‘ನೀವು ಇದನ್ನೆಲ್ಲ ನಂಬುತ್ತೀರಾ’ ಎಂದು ಕೇಳಲೂ ಬೇಡಿ. ಇಲ್ಲ ಎನ್ನುತ್ತಾರೆ, ಆದರೆ ದಾರಿಯಲ್ಲಿ ಬಿದ್ದ ಬಾಚಣಿಗೆಯನ್ನು ಮುಟ್ಟುವುದಿಲ್ಲ, ಬ್ಯಾನ್‌ಶೀಯದ್ದಾಗಿದ್ದರೆ ಎಂಬ ಅಳುಕು. ಹೊಲದ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಗಿಡ ಕಂಡರೆ ಅದರ ರೆಂಬೆಯನ್ನೂ ಕಡಿಯಬೇಡಿ. 1999ರಲ್ಲಿ ನಿಮ್ಮ ಊರಿಗೆ ಹತ್ತಿರದ ಲಾಟೂನ್‌ನಲ್ಲಿ ಅಂಥದೊಂದು ಗಿಡ ಹೊಸ ಹೆದ್ದಾರಿಯ ಹಾದಿಯಲ್ಲಿತ್ತು. ಅದು ಯಕ್ಷಿಣಿಯರು ಸೇರುವ ಜಾಗ ಎಂದು ಕಥೆಗಾರ ಎಡ್ಡಿ ಲೆನಿಹನ್ ಹಟ ಹಿಡಿದರು, ಗಿಡ ಉಳಿಯಿತು.

ನಿಮಗೆ ನಿಜವಾಗಿ ಬೇಕಾದ ತಿಳಿವಳಿಕೆ ಬೇರೆ. ಇಲ್ಲಿ ಸಾವಿನ ಮಾತು ಅಪಶಕುನವಲ್ಲ. ಸ್ಥಳೀಯ ರೇಡಿಯೊದಲ್ಲಿ ದಿನವೂ ಸತ್ತವರ ಹೆಸರು ಓದುತ್ತಾರೆ, ಜನ ಕಿವಿಗೊಟ್ಟು ಕೇಳುತ್ತಾರೆ. ನೆರೆಯಲ್ಲಿ ಯಾರಾದರೂ ತೀರಿಕೊಂಡರೆ, ಪರಿಚಯ ಅಷ್ಟಕ್ಕಷ್ಟೇ ಇದ್ದರೂ ಹೋಗಿ. ಮನೆಯವರ ಕೈಕುಲುಕಿ, ಎರಡು ಮಾತಾಡಿ, ಶವದ ಬಳಿ ಒಂದು ಕ್ಷಣ ನಿಲ್ಲಿ. ಆಮೇಲೆ ಚಹಾ, ಸ್ಯಾಂಡ್‌ವಿಚ್ ಬರುತ್ತವೆ. ಸೂತಕದ ಮನೆ ಎಂದು ಬೇಡವೆನ್ನಬೇಡಿ, ನೊಂದುಕೊಳ್ಳುತ್ತಾರೆ. ಮನೆಗೆ ಬಂದು ಸ್ನಾನ ಮಾಡುವುದು ನಿಮ್ಮಿಷ್ಟ.