ಮನೆಯಲ್ಲಿ ಈಗ ‘ಮುಂಗಾರು ಮಳೆ’ ಸಿನಿಮಾ ನೋಡಿದರೆ ಹಿಡಿಸುತ್ತಾ, ಇಲ್ಲ ‘ತಿಥಿ’ ಹಾಕಲಾ ಅಂತ ಕೇಳಿದ್ದೀರಲ್ಲ

ನಾನು ಕಳೆದ ಮಳೆಗಾಲದಲ್ಲಿ ಎರಡನ್ನೂ ನೋಡಿದೆ, ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲೇ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಬಗ್ಗೆ ನನಗೆ ಭಾರಿ ನಿರೀಕ್ಷೆ ಇತ್ತು. ಕಥೆ ಮಡಿಕೇರಿಯದ್ದು ಬೇರೆ. ಹಾಡುಗಳು, ಅನಂತ್ ನಾಗ್ ಅವರ ಕರ್ನಲ್ ಪಾತ್ರ, ಮೊಲ ದೇವದಾಸ, ಇವೆಲ್ಲ ಈಗಲೂ ಚೆನ್ನಾಗಿವೆ. ಆದರೆ ಗಣೇಶ್ ಮಾತು ಸ್ವಲ್ಪ ಜಾಸ್ತಿ ಅನ್ನಿಸಿತು. ಇನ್ನೊಂದು, ನಮ್ಮ ಕಡೆ ಅಷ್ಟು ಮಳೆಯಲ್ಲಿ ಯಾರೂ ಸುಮ್ನೆ ನೆನೆಯುತ್ತಾ ನಿಲ್ಲಲ್ಲ, ಮೊದಲು ಕಾಲಲ್ಲಿ ಜಿಗಣೆ ಹತ್ತಿದೆಯಾ ನೋಡುತ್ತಾರೆ! ಅಮ್ಮ ಅರ್ಧಕ್ಕೇ ಎದ್ದು ಕಡುಬು ಬೇಯಿಸಲು ಹೋದರು.

‘ತಿಥಿ’ ಉಲ್ಟಾ ಆಯಿತು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ ಅಂದರೆ ಆಕಳಿಸುತ್ತಾ ನೋಡಬೇಕೇನೋ ಅಂದುಕೊಂಡಿದ್ದೆ. ನಟರೆಲ್ಲ ಮಂಡ್ಯ ಕಡೆಯ ಹಳ್ಳಿಯವರೇ, ಯಾರೂ ವೃತ್ತಿ ಕಲಾವಿದರಲ್ಲ. ಅದರಲ್ಲಿನ ಮುದುಕ ಗಡ್ಡಪ್ಪ ಯಾರ ಮಾತಿಗೂ ತಲೆ ಕೆಡಿಸಿಕೊಳ್ಳದೆ ಬೀಡಿ ಸೇದುತ್ತಾ ಸುತ್ತುವುದು, ಅವನ ಮಗ ಜಮೀನು ಮಾರೋಕೆ ಒದ್ದಾಡುವುದು, ಇದನ್ನು ನೋಡಿ ಅಪ್ಪ ‘ನಮ್ಮ ತೋಟದ ಪಾಲಿನ ಕಥೆನೇ ಇದು’ ಅಂತ ನಕ್ಕರು. ನಡುವೆ ಎರಡು ಸಲ ಕರೆಂಟ್ ಹೋಯಿತು, ಆದರೂ ಯಾರೂ ಮಲಗೋಕೆ ಹೋಗಲಿಲ್ಲ.

ಅಪ್ಪ ಅಮ್ಮನ ಜೊತೆ ನೋಡೋದಾದರೆ ‘ತಿಥಿ’ನೇ ಹಾಕಿ, ಬೈಗುಳ ಇದೆ ಅಂತ ಮಾತ್ರ ಮೊದಲೇ ಹೇಳಿಬಿಡಿ. ಶೀಟಿನ ಮನೆಯಾದರೆ ಸಬ್‌ಟೈಟಲ್ ಆನ್ ಮಾಡಿ, ಮಳೆ ಸದ್ದಿಗೆ ಡೈಲಾಗ್ ಕೇಳಲ್ಲ.